ಇಪ್ಪತ್ತು ಮೀಟರಿನ ಹಟ

"ಒಂದೂ ಕಾಲು!" ಕೆಳಗಿನ ಕೋಣೆಯ ಕಿಟಕಿಯಿಂದ ಹೆಂಡತಿ ಕೂಗಿದಳು.

ತಾರಸಿಯ ಮೇಲೆ ಏಣಿ ಹತ್ತಿ ನಿಂತಿದ್ದ, ಹವ್ಯಾಸಕ್ಕೆ ರೇಡಿಯೊ ಸಂದೇಶ ಕಳಿಸುವ ಗಡಿಯಾರ ರಿಪೇರಿಯವನಿಗೆ ಹೋದ ಜೀವ ಬಂದಂತಾಯಿತು. ಆಂಟೆನಾ ಕಂಬದ ತಂತಿಸುರುಳಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ಬಿಗಿ ಮಾಡಿ ಇಳಿದ. ಅಲ್ಯೂಮಿನಿಯಂ ಏಣಿಯನ್ನು ದೂರದ ಮೂಲೆಗೆ ಒರಗಿಸಿ ಕೋಣೆಗೆ ಓಡಿಬಂದು ಸಂದೇಶ ಬಡಿಯುವ ಮೋರ್ಸ್ ಕೀ ಒತ್ತಿದರೆ, ಮೀಟರಿನ ಮುಳ್ಳು ಮೂರರ ಮೇಲೆ ಕೂತಿತ್ತು. ಇದು ಐದನೇ ಸಲ.

"ಒಂದೂ ಕಾಲು ಅಂದೆಯಲ್ಲೇ!"

"ಇತ್ತು, ಅದಕ್ಕೇ ಅಂದೆ. ನಿಮ್ಮ ಮುಖ ನೋಡಿ ಮುಳ್ಳು ಹೆದರಿಕೊಂಡ್ರೆ ನಾನೇನ್ರೀ ಮಾಡ್ಲಿ?"

ಹಳೇ ಆಂಟೆನಾ ಹೋದ ವಾರದ ಗಾಳಿಗೆ ಹರಿದುಬಿದ್ದಿತ್ತು. ಈ ಹೊಸ ಕಂಬ ನಾಲ್ಕು ಬ್ಯಾಂಡುಗಳಿಗೆ ಒಂದೇ. ಮೂರು ಬೆಳಿಗ್ಗೆಯೇ ತೆಪ್ಪಗೆ ದಾರಿಗೆ ಬಂದಿದ್ದವು. ಹಟ ಹಿಡಿದದ್ದು ಇಪ್ಪತ್ತು ಮೀಟರ್ ಅಲೆಯುದ್ದದ ಬ್ಯಾಂಡು, ಬೇಕಾಗಿದ್ದದ್ದೂ ಆ ದರಿದ್ರದ್ದೇ. ಸಮುದ್ರದಾಚೆ ಇರುವ ಅವನ ಗುರು ಕೇಳುವುದು ಅದರಲ್ಲಿ ಮಾತ್ರ. ಮುಳ್ಳು ಒಂದರ ಹತ್ತಿರವಿದ್ದರೆ ಸಂದೇಶ ಹೊರಡುತ್ತದೆ. ಮೂರಾದರೆ ರೇಡಿಯೊ ಬಾಯಿ ಮುಚ್ಚಿಕೊಳ್ಳುತ್ತದೆ. ಆ ಮುದುಕರು ನಾಳೆ ಮಗಳ ಮನೆಗೆ ಹೋಗುವವರು, ಅಲ್ಲಿ ಆಂಟೆನಾ ಕಟ್ಟಲು ಜಾಗವಿಲ್ಲ. ಇವತ್ತು ಐದು ಗಂಟೆಗೆ ಕೊನೆಯ ಸಲ ಮೋರ್ಸ್ ಕೀ ಮುಟ್ಟುತ್ತೇನೆ ಎಂದಿದ್ದರು.

"ಫೋನ್ ಮಾಡಿ ಮಾತಾಡಿ, ಮುಗೀತು."

"ಫೋನಲ್ಲಿ ಅವರ ಕೈ ಎಲ್ಲಿ ಕೇಳ್ಸುತ್ತೆ? ನಲವತ್ತು ವರ್ಷ ಕೇಳಿದೀನಿ. ಸಾವಿರ ಜನ ಬಡೀತಿದ್ರೂ ಅವರದ್ದು ಯಾವುದು ಅಂತ ಹೇಳ್ತೀನಿ." ಗಡಿಯಾರ ನೋಡಿಕೊಂಡ, ಐದಕ್ಕೆ ಹತ್ತು ನಿಮಿಷ. ತಲೆ ಕೆಟ್ಟುಹೋಯಿತು. "ನಿನಗೆ ಮೀಟರ್ ನೋಡೋಕೇ ಬರಲ್ಲ!"

ಹಾಗನ್ನಬಾರದಿತ್ತು.

"ಹಾಗಾದ್ರೆ ನೀವೇ ನೋಡ್ಕೊಳ್ಳಿ, ಆ ಕ್ಲಿಪ್ಪನ್ನ ನಾನೇ ತಿರುಗಿಸ್ತೀನಿ!" ಅವಳು ದಡದಡ ಮೆಟ್ಟಿಲೇರಿದಳು. ಏಣಿಯನ್ನು ಕಂಬದ ಬಳಿಗೆ ಎಳೆದ ಸದ್ದಾಯಿತು. "ಹತ್ತಿದೆ! ಯಾವ ಕಡೆ ತಿರುಗಿಸ್ಲಿ?"

ಅವನು ಕೀ ಒತ್ತಿದ. ಮುಳ್ಳು ಒಂದೂ ಕಾಲಿಗೆ ಇಳಿದಿತ್ತು.

"ಏನು ಮುಟ್ಟಿದೆ?"

"ಏನೂ ಇಲ್ಲ. ಏಣಿ ಹತ್ತಿದೆ ಅಷ್ಟೇ."

ಅವನು ಹಣೆ ಚಚ್ಚಿಕೊಂಡ. ಆಂಟೆನಾದ ಪಕ್ಕದಲ್ಲಿರುವ ಏಣಿಯೂ ಅದರ ಮೇಲಿರುವ ಮನುಷ್ಯನೂ ಆಂಟೆನಾದ ಲೆಕ್ಕಕ್ಕೇ ಸೇರಿ ಮುಳ್ಳನ್ನು ಕದಲಿಸುತ್ತಾರೆ. ಹೊಸಬರಿಗೆ ಇದನ್ನೇ ಬೊಬ್ಬೆ ಹೊಡೆದು ಹೇಳಿಕೊಡುತ್ತಿದ್ದವನು ಇಡೀ ದಿನ ತನ್ನ ಡೊಳ್ಳುಹೊಟ್ಟೆಯನ್ನೂ ಸೇರಿಸಿ ಆಂಟೆನಾ ಹೊಂದಿಸಿದ್ದ. ಮತ್ತೆ ಹೊಂದಿಸಲು ಎರಡು ಗಂಟೆ ಬೇಕು. ಇದ್ದದ್ದು ನಾಲ್ಕು ನಿಮಿಷ.

"ಲೇ, ಅಲ್ಲೇ ನಿಂತ್ಕೋ! ಕಂಬ ಮುಟ್ಬೇಡ, ಅಲ್ಲಾಡ್ಬೇಡ!"

"ಈ ಬಿಸಿಲಲ್ಲಾ? ಎಷ್ಟು ಹೊತ್ತು?"

"ಮುಗಿಯೋವರೆಗೆ!"

ಅವಳು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೂ ನಿಂತಳು. ಅವಳಿಗೆ ತೊಂದರೆಯಾಗದಿರಲೆಂದು ಅವನು ರೇಡಿಯೊದ ಶಕ್ತಿಯನ್ನು ಐದು ವಾಟಿಗೆ ಇಳಿಸಿದ.

ಐದಕ್ಕೆ ಸರಿಯಾಗಿ ಗುರುವಿನ ಆ ಕೈ ಬಂತು. ಉದ್ದದ ಸದ್ದನ್ನು ಕೊಂಚ ಎಳೆಯುವ ಅದೇ ಅಭ್ಯಾಸ. ನಡುಕ ಮಾತ್ರ ಹೊಸದು. ಸಣ್ಣಗೆ ಕೇಳುತ್ತಿದೆ, ಆಂಟೆನಾ ಯಾವುದು ಎಂದು ಕೇಳಿದರು. ಒಂದು ಕಂಬ, ಒಂದು ಏಣಿ, ಒಬ್ಬಳು ಹೆಂಡತಿ ಎಂದು ಬಡಿದ. ಆ ಕಡೆಯಿಂದ ಮೋರ್ಸಿನಲ್ಲೇ ನಗು ಬಂತು, ಹಿಂದೆಯೇ ಬೈಗುಳ: ಪಾಪ, ಬೇಗ ಇಳಿಸೋ ಅವಳನ್ನ. ಆಮೇಲೆ ರೇಡಿಯೊದಲ್ಲಿ ತಮ್ಮ ಹೆಸರಾದ ಕರೆಗುರುತನ್ನು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಬಡಿದು, ನಿಲ್ಲಿಸಿಬಿಟ್ಟರು. ರೇಡಿಯೊದಲ್ಲಿ ಬರೀ ಸುಯ್ಯೆನ್ನುವ ಸದ್ದು ಉಳಿಯಿತು.

"ಮುಗೀತೇನ್ರೀ? ಇಳೀಲಾ?"

ಅವನು ರೇಡಿಯೊ ಆರಿಸಲಿಲ್ಲ.

"ಇನ್ನೊಂದು ನಿಮಿಷ," ಎಂದ. "ಇನ್ನೊಂದೇ ನಿಮಿಷ ನಿಂತ್ಕೊಳ್ಳೇ."