ಮೂವತ್ತೊಂದನೇ ಸಾಲು

ಕಾಲೋನಿಯ ಕೊಳವೆಬಾವಿ ಮೋಟರು ರಿಪೇರಿಯಾಗಿರಲಿಲ್ಲ. ರಿಪೇರಿಯಾಗಿದೆ ಎಂದು ಸುಕನ್ಯ ಪಂಚಾಯಿತಿ ಕಂಪ್ಯೂಟರಿನಲ್ಲಿ ಬರೆದಳು.

ಬರೆಯಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಮೌಸ್ ಬೇಡದ, ಚಿತ್ರವಿಲ್ಲದ ಕಪ್ಪು ಪರದೆ ಅದು. ಟೈಪು ಮಾಡಿ ಹೇಳಿದರೆ ಮಾತ್ರ ಮಾತು ಕೇಳುತ್ತದೆ. ‘ಡನ್’, ಅಂದರೆ ಮುಗಿಯಿತು, ಎಂದು ಹೊಡೆದು, ಮುಂದೆ ಸಾಲಿನ ಸಂಖ್ಯೆ ಮೂವತ್ತೊಂದು ಎಂದು ಹಾಕಿ ಎಂಟರ್ ಒತ್ತಿದಳು. ಮಾಡಬೇಕಾದ ಕೆಲಸಗಳ ಪಟ್ಟಿಯಿಂದ ಆ ಸಾಲು ಹೊರಟುಹೋಯಿತು. ಬೆನ್ನ ಹಿಂದೆ ನಿಂತಿದ್ದ ಪಿಡಿಒ ಗೌರೀಶ್, “ನಾಳೆ ತಾಲ್ಲೂಕು ಮೀಟಿಂಗಲ್ಲಿ ಬಾಕಿ ಅಂತ ಒಂದೂ ಕಾಣ್ಬಾರ್ದು ಕಣಮ್ಮ. ಮುಂದಿನ ವಾರ ಮಾಡಿಸಿಬಿಡ್ತೀನಿ” ಎಂದಿದ್ದ. ಅದಾಗಿ ಎರಡು ತಿಂಗಳು.

ಆ ಪಟ್ಟಿಯನ್ನು ಕಟ್ಟಿದವಳೂ ಅವಳೇ. ಕಾಲೋನಿ ಹೆಂಗಸರು ಯಾರ ಕೈಕಾಲು ಹಿಡಿದೋ ಬರೆಸಿ ತಂದ ಅರ್ಜಿಗಳು ಕಚೇರಿಯ ಬೀರು ಸೇರಿ ಮಾಯವಾಗುತ್ತಿದ್ದವು. ಅದೇ ಕಾಲೋನಿಯಲ್ಲಿ ಹುಟ್ಟಿ, ಡಿಪ್ಲೊಮಾ ಓದಿ, ವರ್ಷದ ಕರಾರಿನ ಮೇಲೆ ಆಪರೇಟರಾಗಿ ಬಂದ ಸುಕನ್ಯ, “ಕಾಗದ ಆದ್ರೆ ಕಳೀತಾರೆ. ನನ್ ತಾವ ಬಾಯಲ್ಲೇ ಏಳಿ, ಸಾಕು. ತಾರೀಕು ಸಮೇತ ಕೂತಿರ್ತದೆ” ಎಂದಳು. ಅವತ್ತಿನಿಂದ ಅವರು ಅರ್ಜಿ ಬರೆಸುವುದನ್ನೇ ಬಿಟ್ಟರು. ನಮ್ಮ ಹುಡುಗಿ ಬರಕೊಂಡವಳೆ ಅನ್ನುವುದೊಂದೇ ಅವರ ಕೈಯಲ್ಲಿದ್ದ ದಾಖಲೆ.

ಸೋಮವಾರ ಮಧ್ಯಾಹ್ನ ರಾಚಮ್ಮ ಬಂದಳು. ವರಸೆಯಲ್ಲಿ ಸುಕನ್ಯಳಿಗೆ ಅತ್ತೆ. ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು.

“ಎಲ್ಲವ್ವಾ, ನಮ್ದು ಎಷ್ಟನೇದಕ್ಕೆ ಬಂತು? ತೋರ್ಸು ಮತ್ತೆ.”

ಅವಳಿಗೆ ಓದು ಬಾರದು. ಬಂದಾಗಲೆಲ್ಲ ಸುಕನ್ಯ ಪರದೆಯ ಮೇಲೆ ಬೆರಳಿಟ್ಟು ಇದೇ ನಿನ್ನದು ಎನ್ನಬೇಕು. ಎರಡು ತಿಂಗಳಿಂದ ಕರೆಂಟಿಲ್ಲ ಎಂದು ಸಾಗಹಾಕಿದ್ದಳು. ಇವತ್ತು ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

“ಕಾಣ್ತಿಲ್ಲ ಅತ್ತೆ.”

ರಾಚಮ್ಮ ಬೈದಿದ್ದರೆ ಚೆನ್ನಾಗಿತ್ತು. “ನಾನೇ ಸರ್ಯಾಗಿ ಏಳ್ಲಿಲ್ವೇನೋ ಕಣವ್ವ,” ಎಂದು ಸುಕನ್ಯಳ ಹೆಗಲ ಮೇಲೆ ಕೈಯಿಟ್ಟಳು. “ಬುಡು, ಒಸದಾಗಿ ಬರ್ಕೊ. ಆ ತೋಟದ ಪಂಪ್‌ಸೆಟ್ ತಾವ ಬಿಂದಿಗೆ ಮಡಗಿ ದೂರ ನಿಂತ್ಕೋಬೇಕು. ಅವ್ರು ಎಮ್ಮೆ ತೊಳ್ದು, ಕರ ಕುಡ್ದಾದ್ಮೇಲೆ ನಮ್ಗೆ ಪೈಪು ತಿರುಗಿಸ್ತಾರೆ. ನಿಮ್ಮವ್ವನೂ ಬೆಳಿಗ್ಗೆ ನನ್ ಪಕ್ಕದಲ್ಲೇ ನಿಂತಿದ್ಲು.”

ಅವ್ವ ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ನೀರಿನಲ್ಲೇ ತಲೆ ತೊಳೆದುಕೊಂಡು ಇವಳು ಕಚೇರಿಗೆ ಬಂದಿದ್ದಳು.

ಒಳಗಿನಿಂದ ಗೌರೀಶ್ ಎದ್ದು ಬಂದ. “ಅಜ್ಜಿ ಹೇಳ್ತಿರೋದು ಸರಿ. ಹೊಸದಾಗೇ ಹಾಕು ಸುಕನ್ಯ, ಇವತ್ತಿನ ತಾರೀಕು. ಈ ಸಲ ನಾನೇ ಮುಂದೆ ನಿಂತು ಮಾಡಿಸ್ತೀನಿ.”

ಹೊಸ ತಾರೀಕು ಹಾಕಿದರೆ ಏಪ್ರಿಲಿನಿಂದ ಈ ಐದು ತಿಂಗಳು ಯಾರೂ ಕಾದೇ ಇಲ್ಲ ಎಂದಾಗುತ್ತದೆ. ಯಾರೂ ಸುಳ್ಳು ಬರೆದೇ ಇಲ್ಲ. ಸುಕನ್ಯ ಅರ್ಧ ಸಾಲು ಟೈಪು ಮಾಡಿದಳು. ಎದೆ ಹಗುರವಾಯಿತು. ಹಗುರವಾಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಟೈಪು ಮಾಡಿದ್ದನ್ನು ಅಳಿಸಿ, ಮುಗಿದ ಕೆಲಸಗಳ ಪಟ್ಟಿ ತೆರೆದಳು. ಏಪ್ರಿಲ್ ಎಂಟು, ಕಾಲೋನಿ ಮೋಟರು, ಹೇಳಿದವರು ರಾಚಮ್ಮ. ಅದರ ಮೇಲೆ ಬೆರಳಿಟ್ಟಳು.

“ಇದೇ ನಿನ್ನದು. ನೀನು ಸರಿಯಾಗೇ ಏಳಿದ್ದೆ ಕಣತ್ತೆ. ರಿಪೇರಿ ಆಯ್ತು ಅಂತ ಸುಳ್ಳು ಬರ್ದೋಳು ನಾನು.”

ರಾಚಮ್ಮ ಪರದೆ ನೋಡಿದಳು, ಅವಳ ಮುಖ ನೋಡಿದಳು. ಹೆಗಲ ಮೇಲಿನ ಕೈ ತೆಗೆದಳು.

“ನೀನಾ?”

“ನಾನೇ ಅತ್ತೆ,” ಎಂದಳು ಸುಕನ್ಯ, ತಲೆಯೆತ್ತದೆ.

“ತಲೆ ಕೆಟ್ಟಿದ್ಯೇನಮ್ಮ? ಮಾರ್ಚಿಗೆ ನಿನ್ ಕರಾರು ಮುಗಿಯುತ್ತೆ, ಮುಂದುವರಿಸೋಕೆ ಸೈನು ಹಾಕ್ಬೇಕಾದೋನು ನಾನು. ಮುಚ್ಚು ಅದನ್ನ. ಹೊಸದು ಹಾಕು,” ಎಂದ ಗೌರೀಶ್.

“ಏಪ್ರಿಲಿಂದ ಬಾಕಿ ಸಾರ್ ಇದು. ಬಾಕಿ ಪಟ್ಟಿಗೆ ವಾಪಸ್ ಹಾಕಿ ಹಂಗೇ ತೋರಿಸ್ತೀನಿ,” ಎಂದಳು ಸುಕನ್ಯ. “ಹೊಸದು ಹಾಕಲ್ಲ.”