ಅರ್ಧ ಜೀವ ಕೊಡುವ ಆಟ

ಹರ್ಷದಾಳನ್ನು ನೋಡಲು ಬಂದ ಏಳನೆಯ ಗಂಡು ಅಮೋಲ್. ಹಿಂದಿನ ಆರು ಜನರಲ್ಲಿ ಇಬ್ಬರು ಅವಳ ಸಂಬಳ ಕೇಳಿದ್ದರು, ಒಬ್ಬ ಬಾಯಿಯೇ ಬಿಟ್ಟಿರಲಿಲ್ಲ, ಉಳಿದವರ ಮುಖ ಅವಳಿಗೆ ನೆನಪಿಲ್ಲ. ಹೈದರಾಬಾದಿನ ಅಮೀರ್‌ಪೇಟ್‌ನ ಕಂಪ್ಯೂಟರ್ ಕ್ಲಾಸಿನಲ್ಲಿ ವಾರವಿಡೀ ಮೂರು ಬ್ಯಾಚಿಗೆ ಜಾವಾ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡವಳು ಭಾನುವಾರವೂ ರೇಷ್ಮೆ ಸೀರೆ ಉಟ್ಟು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಬೇಕೆಂದರೆ, ಯಾರಿಗಾದರೂ ತಲೆ ಕೆಡದೆ ಇರುತ್ತದೆಯೇ?

“ಹುಡುಗ ಹುಡುಗಿ ಒಳಗ ಕೂತು ಒಂದೀಟು ಮಾತಾಡ್ಲಿ” ಎಂದರು ಅಪ್ಪ ದತ್ತಾತ್ರೇಯ. ಕೂಕಟ್‌ಪಲ್ಲಿಯ ಆ ಫ್ಲ್ಯಾಟಿನಲ್ಲಿ ಒಳಗೆ ಎಂದರೆ ಒಂದೇ ಕೋಣೆ. ಅಲ್ಲಿ ಅಣ್ಣ ಸತೀಶ ಬೇರೆ ಮನೆ ಮಾಡಿದಾಗ ಬಿಟ್ಟುಹೋದ ಹಳೆಯ ಟಿವಿ, ಅದಕ್ಕಿಂತ ಹಳೆಯ ಗೇಮ್ ಕನ್ಸೋಲ್, ಒಂದೇ ಒಂದು ಆಟ. ಅಮೋಲ್ ಆ ಆಟದ ಡಬ್ಬಿ ಎತ್ತಿಕೊಂಡು ಕಣ್ಣರಳಿಸಿದ.

“ಅಯ್ಯ! ಇದು ನಿಮ್ಮ ಹತ್ರ ಅದ ಏನ್ರಿ? ನನ್ನ ಬಿಟ್ರ ಹೈದರಾಬಾದ್‌ನಾಗ ಇದನ್ನ ಯಾರೂ ಆಡಂಗಿಲ್ಲ ಅಂತ ಮಾಡಿದ್ದೆ!”

ನಿಜ, ಯಾರೂ ಆಡುತ್ತಿರಲಿಲ್ಲ. ಆಟದಲ್ಲಿ ಇಬ್ಬರು ಸಿಪಾಯಿಗಳು. ಒಬ್ಬ ಬಿದ್ದರೆ, ಹತ್ತು ಎಣಿಸುವುದರೊಳಗೆ ಇನ್ನೊಬ್ಬ ಹೊಡೆದಾಟ ಬಿಟ್ಟು ಬಂದು ತನ್ನ ಜೀವದಲ್ಲಿ ಅರ್ಧ ಕೊಟ್ಟು ಎಬ್ಬಿಸಬೇಕು. ದಬದಬ ಹೊಡೆಯಲು ಕೂತವರಿಗೆ ಈ ತಾಪತ್ರಯ ಯಾಕೆ ಬೇಕು? ಆಟ ಬಂದಷ್ಟೇ ಬೇಗ ಅಂಗಡಿಗಳಿಂದ ಮಾಯವಾಯಿತು. ಮೆಚ್ಚಿದ ಬೆರಳೆಣಿಕೆಯ ಮಂದಿ ಮಾತ್ರ ಹುಚ್ಚು ಹಿಡಿದವರಂತೆ ಮೆಚ್ಚಿದರು. ಅಂಥ ಇನ್ನೊಬ್ಬ ಹುಚ್ಚ ಎದುರಿಗೇ ನಿಂತಿದ್ದಾನೆ! ಹರ್ಷದಾಳಿಗೆ ಇವನೇ ಬೇಕು ಅನ್ನಿಸಿತು. ಅಷ್ಟು ಸಲೀಸಾಗಿ ಅನ್ನಿಸಿದ್ದು ಅವಳಿಗೇ ಆಶ್ಚರ್ಯ.

ಇಬ್ಬರೂ ಆಡಲು ಕೂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವಳು ಎರಡು ಸಲ ಬಿದ್ದಳು. ಎರಡು ಸಲವೂ ಅಮೋಲ್ ಓಡಿಬಂದು ಅರ್ಧ ಜೀವ ಕೊಟ್ಟ. ಕೊನೆಯ ಕೋಟೆಯಲ್ಲಿ ಅವನು ಬಿದ್ದ. ಕೋಟೆ ಕಾಯುವ ರಾಕ್ಷಸ ಸಾಯಲು ಇನ್ನು ನಾಲ್ಕೇ ಏಟು ಬಾಕಿ.

“ಹರ್ಷದಾ ಅವರ, ಬರ್ರಿ. ಎಬ್ಬಸ್ರಿ.”

ಅವಳಿಗೆ ಕೇಳಲೇ ಇಲ್ಲ. ನಾಲ್ಕೂ ಏಟು ಹೊಡೆದು “ಹೋದ ನೋಡ್ರಿ!” ಎಂದು ಕೂಗಿ ತಿರುಗಿದರೆ, ಅಮೋಲ್ ಕಂಟ್ರೋಲರ್ ಕೆಳಗಿಟ್ಟಿದ್ದ.

“ಚಲೋ ಆಡ್ತೀರಿ” ಎಂದು ಎದ್ದು ಹೊರಗೆ ಹೋದ.

ಪರದೆಯ ಮೇಲೆ ಅವನ ಸಿಪಾಯಿ ಬಿದ್ದಲ್ಲೇ ಬಿದ್ದಿದ್ದನ್ನು ಹರ್ಷದಾ ಆಗ ನೋಡಿದಳು. ಹೊರಗೆ ಅವನ ತಾಯಿ ಸುಮಂಗಲಾ ಮಗನ ಮುಖ ನೋಡಿ, “ಮನೀಗೆ ಹೋಗಿ ವಿಚಾರ ಮಾಡಿ ಫೋನ್ ಮಾಡ್ತೀವ್ರಿ” ಎನ್ನುವುದು ಕೇಳಿಸಿತು. ಈ ಮಾತು ಹೇಳಿಹೋದ ಯಾರೂ ಆ ಮನೆಗೆ ಇದುವರೆಗೆ ಫೋನ್ ಮಾಡಿಲ್ಲ. ಬಾಗಿಲಲ್ಲಿ ಅಮೋಲ್ ಚಪ್ಪಲಿ ಮೆಟ್ಟುತ್ತಿದ್ದ. ಹರ್ಷದಾ ಎಲ್ಲರನ್ನೂ ದಾಟಿಕೊಂಡು ಅವನ ಎದುರು ಹೋಗಿ ನಿಂತಳು. ಅಮ್ಮ ಉಮಾಬಾಯಿ “ಏ ಹುಡುಗಿ!” ಎಂದದ್ದು ವ್ಯರ್ಥವಾಯಿತು.

“ನಂದು ತಪ್ಪಾತು” ಎಂದಳು. “ಅಣ್ಣ ಹೋದಾಗಿಂದ ಒಬ್ಬಾಕೀನ ಆಡ್ತೀನಿ. ಎರಡನೇ ಸಿಪಾಯಿ ಶುರುವಿಗೇ ಬೀಳ್ತಾನ, ದಾಟಿ ಹೋಗ್ತೀನಿ. ಬಾಜೂಕ ಒಬ್ರು ಕೂತಾರ ಅನ್ನೂದೇ ಮರತೆ. ಭಾಳ ಕೆಟ್ಟ ಅನಸ್ಲಿಕ್ಕೆ ಹತ್ತೇದ.”

ಪಡಸಾಲೆಯಲ್ಲಿದ್ದ ಯಾರಿಗೂ ತಲೆಬುಡ ತಿಳಿಯಲಿಲ್ಲ. ಸಿಪಾಯಿ ಯಾರು, ಬಿದ್ದವನು ಯಾರು? ಅಮೋಲ್ ಮಾತ್ರ ಕೆಂಪಾದ.

“ಇಲ್ರಿ, ನಾನೂ ಖರೆ ಹೇಳಬೇಕು. ನಾ ಎರಡು ಸರ್ತಿ ಜೀವಾ ಕೊಟ್ಟದ್ದು ಹುಡುಗಿ ನೋಡ್ಲಿಕ್ಕೆ ಬಂದೀನಿ ಅಂತ. ಮನ್ಯಾಗ ತಮ್ಮನ ಕೂಡ ಆಡುವಾಗ ಒಂದು ಸರ್ತೀನೂ ಕೊಟ್ಟಿಲ್ಲ. ಅಂವ ಅಳತಿರ್ತಾನ, ನಾ ಆಡ್ತಿರ್ತೀನಿ.”

ಹರ್ಷದಾಳಿಗೆ ನಗು ತಡೆಯಲಾಗಲಿಲ್ಲ. ಆರು ಗಂಡುಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದವಳು, ಗಂಡಿನ ಕಡೆಯವರು ಬಾಯಿ ತೆರೆಯುವ ಮೊದಲೇ ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ನನಗ ಒಪ್ಪಿಗಿ ಅದ. ಅವ್ರನ್ನ ಕೇಳ್ರಿ.”

ದತ್ತಾತ್ರೇಯ ಕೇಳುವಷ್ಟರಲ್ಲಿ ಅಮೋಲ್ ಮೆಟ್ಟಿದ ಚಪ್ಪಲಿ ಬಿಚ್ಚಿದ್ದ.