ಹದಿನಾಲ್ಕು ದಿನ ನಿಲ್ಲದ ಪೆಟ್ಟಿಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಬೈರಕೂರು ಕಡೆಯ ಒಂದು ಹಳ್ಳಿಯ ಡೇರಿಯಲ್ಲಿ ಆದದ್ದು ಅದೇ. ಹಾಲಿನ ಟ್ಯಾಂಕನ್ನು ತಂಪಾಗಿಡುವ ಕಂಟ್ರೋಲ್ ಪೆಟ್ಟಿಗೆ ನಿಂತುಹೋಗಿ ಎರಡು ಸಾವಿರ ಲೀಟರ್ ಹಾಲು ಒಡೆಯಿತು. ಸಂಚಕಾರ ಬಂದದ್ದು ಟ್ಯಾಂಕು ನೋಡಿಕೊಳ್ಳುವ ಅಂಜಮ್ಮನ ಕೆಲಸಕ್ಕೆ. ಸ್ವಿಚ್ ಆಫ್ ಮಾಡಿ ಮರೆತಿದ್ದಾಳೆ ಎಂದು ಊರೆಲ್ಲ ಅಂದಿತು. ಮಾಡಿಲ್ಲ ಎಂದವಳು ಅವಳೊಬ್ಬಳೇ.

ಅವಳನ್ನು ನಂಬಿದವಳು ನಿಶಾತ್, ವೇಮಗಲ್ಲಿನ ಕಾರ್ಖಾನೆಯಲ್ಲಿ ಆ ಪೆಟ್ಟಿಗೆಯ ಸಾಫ್ಟ್‌ವೇರ್ ಬರೆಯುವವಳು. ಹಳೆಯ ಚಿಪ್ ಸಿಗದೆ ಕಂಪನಿ ಬೇರೆ ಜಾತಿಯ ಪ್ರೊಸೆಸರ್ ಹಾಕಿತ್ತು. ಆಮೇಲೆ ಎರಡು ಸಲ ಕಾರ್ಖಾನೆಯಲ್ಲೇ, ನಿಶಾತಳ ಕಣ್ಣೆದುರೇ, ಅಂಥ ಪೆಟ್ಟಿಗೆ ಮರಗಟ್ಟಿ ನಿಂತಿತ್ತು. ಅಭ್ಯಾಸಬಲದಿಂದ ಆಫ್ ಮಾಡಿ ಆನ್ ಮಾಡಿದ್ದಳೇ ಹೊರತು ಎಲ್ಲೂ ಬರೆದಿಟ್ಟಿರಲಿಲ್ಲ. ಈಗ ಡೇರಿಯಲ್ಲಿ ಅಂಜಮ್ಮನ ವಿಚಾರಣೆಗೆ ಐದು ವಾರವಿತ್ತು; ಅಷ್ಟರಲ್ಲಿ ಕಂಪನಿ ಪೆಟ್ಟಿಗೆಯ ವರದಿ ಕೊಡಬೇಕಿತ್ತು.

“ಅಕ್ಕಾ, ಅದು ಎಲ್ಲಿ ನಿಲ್ತದೆ ಅಂತ ನಾನು ಹಿಡಿದು ತೋರಿಸ್ತೀನಿ,” ಎಂದು ಅಂಜಮ್ಮನಿಗೆ ಮಾತು ಕೊಟ್ಟಳು.

ಹಿಡಿಯುವುದಕ್ಕೆ ಒಂದು ಟೂಲ್ ಇದೆ. ಯಂತ್ರದ ಬುಡದಲ್ಲಿರುವ ಕರ್ನಲ್ ಎಂಬ ಸಾಫ್ಟ್‌ವೇರಿನಲ್ಲಿ ಸಾವಿರಾರು ಫಂಕ್ಷನ್‌ಗಳು, ಒಂದೊಂದಕ್ಕೂ ಒಂದೊಂದು ಕೆಲಸ. ಪ್ರತಿ ಫಂಕ್ಷನ್ನಿನ ಬಾಗಿಲಲ್ಲೂ ಕೂತು, ಯಾವ ಹೊತ್ತಿನಲ್ಲಿ ಯಾವುದು ಶುರುವಾಯಿತೆಂದು ಈ ಟೂಲ್ ಬರೆದುಕೊಳ್ಳುತ್ತದೆ. ಪೆಟ್ಟಿಗೆ ನಿಂತಾಗ ಕೊನೆಯಲ್ಲಿರುವ ಹೆಸರು ನೋಡಿದರೆ ಕಳ್ಳ ಸಿಕ್ಕಂತೆ. ಆದರೆ ಅದು ಹಳೆಯ ಪ್ರೊಸೆಸರ್‌ಗೆ ಬರೆದದ್ದು. ಹೊಸದರ ಭಾಷೆಯೇ ಬೇರೆ, ಬಾಗಿಲ ಅಳತೆಯೇ ಬೇರೆ. ಎರಡು ಬೈಟು ಅತ್ತಿತ್ತ ಆದರೂ ಪೆಟ್ಟಿಗೆ ಏಳುತ್ತಿರಲಿಲ್ಲ. ಮೂರು ವಾರ ನಿಶಾತ್ ಊಟ ತಿಂಡಿ ಮರೆತು ಕೂತಳು. ಒಂದು ಮಧ್ಯಾಹ್ನ ಪರದೆಯ ಮೇಲೆ ಹೆಸರುಗಳು ಸಾಲಾಗಿ ಇಳಿಯತೊಡಗಿದಾಗ ಖುಷಿಗೆ ಅವಳಿಗೆ ಅಳುವೇ ಬಂತು.

ಅಲ್ಲಿಂದ ಮುಂದೆ ಪೆಟ್ಟಿಗೆ ನಿಲ್ಲಲೇ ಇಲ್ಲ.

ಹತ್ತನೆಯ ದಿನ ಕಾರಣ ಹೊಳೆಯಿತು. ಪ್ರತಿ ಬಾಗಿಲಲ್ಲೂ ಬರೆದುಕೊಳ್ಳಲು ಚೂರು ಹೊತ್ತು ಹಿಡಿಯುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡು ಪೆಟ್ಟಿಗೆಯನ್ನು ನಿಲ್ಲಿಸುತ್ತಿದ್ದ ಎರಡು ಕೆಲಸಗಳು ಆ ಚೂರು ತಡದಿಂದಲೇ ಬಿಡಿಸಿಕೊಂಡು ಹೋಗುತ್ತಿದ್ದವು. ಪೊಲೀಸರು ನಿಂತ ಬೀದಿಗೆ ಯಾವ ಕಳ್ಳ ಬಂದಾನು? ಟೂಲ್ ತೆಗೆದು ನೋಡಿದಳು. ಹಾಳಾದ್ದು, ಹಟ ಹಿಡಿದಂತೆ ಮತ್ತೆ ನಾಲ್ಕು ದಿನ ಓಡಿತು. ಐದು ವಾರ ಮುಗಿಯಿತು.

“ಹದಿನಾಲ್ಕು ದಿನ ನಿಂತಿಲ್ಲ. ವರದಿಯಲ್ಲಿ ಅಷ್ಟನ್ನೇ ಬರೀರಿ,” ಎಂದರು ಮ್ಯಾನೇಜರ್ ಚಂದ್ರಮೋಹನ್.

“ಸಾರ್, ಮೊದಲು ಎರಡು ಸಲ ನಿಂತಿತ್ತು. ನಾನೇ ನೋಡಿದ್ದೀನಿ.”

“ಎಲ್ಲಿ ಬರೆದಿದೆ ತೋರಿಸಿ. ನಿಮ್ಮ ಟೂಲ್ ಚೆನ್ನಾಗಿದೆ, ಇನ್ಮೇಲೆ ಎಲ್ಲಾ ಪೆಟ್ಟಿಗೇಲೂ ಹಾಕೇ ಕಳಿಸೋಣ.”

ಸಹಿ ಹಾಕದೆ ಎದ್ದು ಬರಬಹುದಿತ್ತು. ಬರಲಿಲ್ಲ. ಹೆದರಿದಳು, ಸಹಿ ಹಾಕಿದಳು.

ಭಾನುವಾರ ತಡೆಯಲಾರದೆ ಹಳ್ಳಿಗೆ ಹೋಗಿ, ಡೇರಿಯ ಅಧ್ಯಕ್ಷ ಸುಬ್ಬರಾಯಪ್ಪನ ಮುಂದೆ, ಅಂಜಮ್ಮನೂ ಕೇಳುವ ಹಾಗೆ ಎಲ್ಲ ಹೇಳಿದಳು. ಸುಬ್ಬರಾಯಪ್ಪ ಒಳ್ಳೆಯ ಮನುಷ್ಯ.

“ಕಾಗದ ಅದರ ಪಾಡಿಗೆ ಇರ್ಲಿ ಬಿಡಮ್ಮ. ನಾಳೆ ಗಂಗಮ್ಮನ ಗುಡೀಲಿ ಅಂಜಮ್ಮ ಕರ್ಪೂರ ಆರಿಸಿ, ನಾನು ಮಾಡಿಲ್ಲ ಅಂತ ಪ್ರಮಾಣ ಮಾಡ್ಲಿ. ಆಮೇಲೆ ಯಾರೂ ಕಮಕ್ ಕಿಮಕ್ ಅನ್ನಲ್ಲ.”

ನಿಶಾತಳಿಗೆ ಹೋದ ಜೀವ ಬಂದಂತಾಯಿತು. ಅಂಜಮ್ಮ ಮಾತ್ರ ತಲೆ ಎತ್ತಲಿಲ್ಲ.

“ಅದೇ ಆಗಲ್ಲ ಯಜಮಾನ್ರೇ. ಇಷ್ಟು ಓದಿರೋ ಈಯಮ್ಮ ಹದಿನಾಲ್ಕು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದವ್ಳೆ, ನಿಂತಿಲ್ಲ ಅಂತ ಸೈನೂ ಹಾಕವ್ಳೆ. ಆವತ್ತು ನಾನು ಸ್ವಿಚ್ ಹತ್ರ ಹೋಗಿದ್ದಂತೂ ನಿಜ. ಮುಟ್ಟಿದ್ನೋ ಏನೋ. ಅನುಮಾನ ಇಟ್ಕೊಂಡು ಕರ್ಪೂರ ಹೆಂಗೆ ಆರಿಸ್ಲಿ?”

“ಅಕ್ಕಾ, ಅದು ನಿಂತಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಲ್ಲಾ.”

“ಹಂಗಾದ್ರೆ ಕಾಗದದಲ್ಲಿ ಯಾಕಮ್ಮ ಬರೀಲಿಲ್ಲ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವ ಹಾಗೆ ಕೇಳಿದ್ದಳು. ಆಮೇಲೆ ಅಂಜಮ್ಮ ಸೊಂಟದಲ್ಲಿದ್ದ ಡೇರಿಯ ಬೀಗದ ಕೈ ತೆಗೆದು ಸುಬ್ಬರಾಯಪ್ಪನ ಮುಂದಿಟ್ಟಳು.